ಅರ್ಧ ಸ್ವರ ಮೇಲೆ

"ತೆಗೀರಿ ಅದನ್ನ. ತೆಗೀರಿ ಅಂದೆ!"

ಡೋರೀನ್ ಎದ್ದ ರಭಸಕ್ಕೆ ಮಡಿಲಲ್ಲಿದ್ದ ಕಾಗದದ ತಟ್ಟೆ ಜಾರಿತು. ಮುಟ್ಟದೆ ಇಟ್ಟುಕೊಂಡಿದ್ದ ಹ್ಯಾಮ್ ಸ್ಯಾಂಡ್‌ವಿಚ್ಚು, ಆಲೂಗಡ್ಡೆ ಸಲಾಡು ಎರಡೂ ಚರ್ಚಿನ ನೆಲಮಾಳಿಗೆಯ ನೆಲದ ಮೇಲೆ ಹರಡಿಕೊಂಡವು. ಕಾಫಿ ಪಾತ್ರೆಯ ಪಕ್ಕದ ಮೇಜಿನ ಮೇಲೆ ಒಂದು ರೆಕಾರ್ಡು ತಿರುಗುತ್ತಿತ್ತು. ಗಿಟಾರುಗಳ ಅಬ್ಬರದ ಮೇಲೆ ತೆಳ್ಳನೆಯ ಚೂಪು ದನಿಯೊಂದು "ಐದೂವರೆಗೆ ಬಾ, ಗೇಟಿನ ಹತ್ತಿರ ಬಾ" ಎಂದು ಕುಣಿಯುತ್ತಿತ್ತು. ಮೇಜಿಗೆ ಒರಗಿ ನಿಂತಿದ್ದ ಗಡ್ಡದವನು ಬೆಚ್ಚಿಬಿದ್ದು ಸೂಜಿ ಎತ್ತಿದ. ಊಟ ಮಾಡುತ್ತಿದ್ದ ಐವತ್ತು ಜನ ತಿರುಗಿ ನೋಡಿದರು.

ಆ ಹಾಡು ಹಾಡಿದ ಲೆನ್ನಿ ನೊವಾಟ್ನಿಯನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ.

"ಕ್ಷಮಿಸಿ, ಮಿಸೆಸ್ ನೊವಾಟ್ನಿ" ಎಂದ ಗಡ್ಡದವನು. "ನಾನು ಕರ್ಟಿಸ್. ಶಿಕಾಗೋದಲ್ಲಿ ಹಳೇ ರೆಕಾರ್ಡಿನ ಅಂಗಡಿ ಇಟ್ಟಿದೀನಿ. ಪೇಪರಲ್ಲಿ ಸುದ್ದಿ ನೋಡಿ ಬೆಳಗಾಗೋಕೆ ಮುಂಚೆ ಹೊರಟು ಬಂದೆ. ಅವರಿಗೆ ಗೌರವ ಅಂತ ಹಾಕಿದ್ದು."

"ಗೌರವ ಸರಿ ಕಣಪ್ಪ. ಆದ್ರೆ ಅದು ನನ್ನ ಗಂಡನ ದನಿ ಅಲ್ಲ."

ಮಗಳು ಮೆಲಿಂಡಾ ಅವಳ ತೋಳು ಹಿಡಿದು ಕೂರಿಸಿದಳು.

ಡೋರೀನಳ ಸಂಕಟ ಬೇರೆಯೇ ಇತ್ತು. ಎರಡು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರ್ ಎಂದು ಡಾಕ್ಟರುಗಳು ಲೆನ್ನಿಯ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಅಂದಿನಿಂದ ಅವನು ಚೀಟಿ ಬರೆದು ಮಾತಾಡುತ್ತಿದ್ದ, ನೆಲಮಾಳಿಗೆಯಲ್ಲಿದ್ದರೆ ಕೊಳವೆಗೆ ಸ್ಪ್ಯಾನರಿನಿಂದ ಎರಡು ಸಲ ಬಡಿದು ಕರೆಯುತ್ತಿದ್ದ. ಅವನು ಹೋದ ಮೇಲಿನ ನಾಲ್ಕು ದಿನವೂ ಅವಳು ಅವನ ದನಿಯನ್ನು ನೆನಪಿಗೆ ತಂದುಕೊಳ್ಳಲು ಒದ್ದಾಡಿದ್ದಳು. ಅವನ ಕೆಮ್ಮು ನೆನಪಾಗುತ್ತಿತ್ತು, ಮೆಟ್ಟಿಲ ಮೇಲಿನ ಬೂಟಿನ ಸದ್ದು ನೆನಪಾಗುತ್ತಿತ್ತು, ದನಿ ಮಾತ್ರ ಬರುತ್ತಿರಲಿಲ್ಲ. ಮುಖ ಮರೆತರೆ ಫೋಟೋ ನೋಡಬಹುದು; ದನಿ ಮರೆತರೆ ಎಲ್ಲಿಗೆ ಹೋಗುವುದು? ಮನೆಯಲ್ಲಿ ವಿಡಿಯೋ ಕ್ಯಾಮೆರಾ ಇರಲಿಲ್ಲ. ಯಾರೂ ಇಲ್ಲದಾಗ ಉತ್ತರ ಕೊಡುವ ಫೋನಿನ ಯಂತ್ರದಲ್ಲಿದ್ದದ್ದು ಮೆಲಿಂಡಾಳ ದನಿ. ಇಡೀ ಪ್ರಪಂಚದಲ್ಲಿ ಲೆನ್ನಿಯ ದನಿ ಉಳಿದಿದ್ದರೆ ಈ ಇಪ್ಪತ್ತನಾಲ್ಕು ವರ್ಷದ ಹಳೆಯ ರೆಕಾರ್ಡಿನಲ್ಲಿ ಉಳಿದಿರಬೇಕಿತ್ತು. ಅಲ್ಲಿದ್ದದ್ದು ಯಾರೋ ಕೀರಲು ಹುಡುಗ.

ಮೊದಲು ಬಾಯಿ ಬಿಟ್ಟವಳು ಲೆನ್ನಿಯ ಅಕ್ಕ ಬರ್ನಿಸ್. ಮದುವೆಯಾಗಲಿ ಮಣ್ಣಾಗಲಿ, ಅಭಿಪ್ರಾಯ ಹೇಳುವುದರಲ್ಲಿ ಎತ್ತಿದ ಕೈ.

"ನಮ್ಮಪ್ಪ ಅವತ್ತೇ ಹೇಳಿದ್ರು. ಡಬ್ಬಕ್ಕೆ ಮೊಳೆ ಹಾಕಿ ಅಲ್ಲಾಡಿಸಿದ ಹಾಗಿದೆ, ಇದಕ್ಕೆ ಉಕ್ಕಿನ ಕಾರ್ಖಾನೆಯ ಕೆಲಸ ಬಿಡ್ತೀಯೇನೋ ಅಂತ."

"ಹಾಗನ್ಬೇಡಿ ಅಮ್ಮಾ" ಎಂದ ಕರ್ಟಿಸ್. ತಾಯಿಯನ್ನು ಬೈದಷ್ಟು ನೋವಾಗಿತ್ತು ಅವನಿಗೆ. "ಪವರ್ ಪಾಪ್ ಅಂದ್ರೇ ಅದು. ಮೂರೇ ನಿಮಿಷ. ಗಿಟಾರು ಗುಡುಗ್ಬೇಕು, ರಾಗ ಮಾತ್ರ ಸಕ್ಕರೆ ಹಾಗಿರ್ಬೇಕು. ಈ ರೆಕಾರ್ಡಲ್ಲಿ ಹುಡುಗ ಒಬ್ಬ ತನ್ನ ಹುಡುಗಿ ಹತ್ರ ಓಡ್ತಾ ಓಡ್ತಾನೇ ಹಾಡಿದ ಹಾಗಿದೆ. ಆ ಏದುಸಿರು, ಆ ಎಳೇ ದನಿ, ಅದೇ ಇದರ ಜೀವ. ಸ್ಪೇನಲ್ಲಿ, ಜಪಾನಲ್ಲಿ ಇದಕ್ಕೆ ಪ್ರಾಣ ಬಿಡೋರಿದಾರೆ."

"ಪ್ರಾಣ ಬಿಟ್ಟವನು ಇಲ್ಲೇ ಇದಾನಲ್ಲಪ್ಪ" ಎಂದಳು ಬರ್ನಿಸ್.

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಈ ಸರೋವರದ ದಂಡೆಯ ಊರಿಗೂ ಸಲ್ಲುವ ಮಾತು. ಲೇಕ್‌ಫ್ರಂಟ್ಸ್ ಎಂಬ ನಾಲ್ವರ ತಂಡ ಒಂದು ಕಾಲದಲ್ಲಿ ಇಲ್ಲಿತ್ತು, 'ಐದೂವರೆಗೆ ಬಾ' ಎಂಬ ಒಂದೇ ಒಂದು ರೆಕಾರ್ಡು ಮಾಡಿ ಮುಳುಗಿತು ಎನ್ನುವುದನ್ನು ಊರು ಎಂದೋ ಮರೆತಿತ್ತು. ಊರಿಗೆ ಲೆನ್ನಿ ಎಂದರೆ ಫರ್ನೇಸ್ ರಿಪೇರಿಯವನು. ಜನವರಿಯ ಚಳಿಗೆ ಮನೆ ಮರಗಟ್ಟಿದಾಗ ನೆಲಮಾಳಿಗೆಗೆ ಇಳಿದು ಬಿಸಿಗಾಳಿ ಹೊರಡಿಸಿ ಕೊಡುವವನು.

"ನಂಗೆ ಸ್ಕೂಲಲ್ಲಿ ನಾಚಿಕೆ ಆಗ್ತಿತ್ತು" ಎಂದಳು ಮೆಲಿಂಡಾ, ಕೈಯಲ್ಲಿದ್ದ ಕಾಗದದ ಟವಲನ್ನು ಹಿಂಡುತ್ತ. "ಯಾರದೋ ಮನೇಲಿ ಸಿಕ್ಕಿತ್ತು ಅಂತ ಹುಡುಗರು ಹಾಕಿ ನಗ್ತಿದ್ರು. ಎರಡನೇ ಮಗ್ಗುಲಿನ ಕೊನೇ ಹಾಡು ಮಾತ್ರ ನಂಗಿಷ್ಟ. ಅಪ್ಪಂಗೆ ಒಂದಿನಾನೂ ಹೇಳ್ಲಿಲ್ಲ."

"ನಾನು ರೆಕಾರ್ಡು ಕೇಳಿದೋನಲ್ಲ" ಎಂದರು ಫಾದರ್, ಕಾಫಿ ಲೋಟ ಕೆಳಗಿಡುತ್ತ. "ಆದ್ರೆ ಲೆನ್ನಿ ಇಲ್ಲಿ ಫರ್ನೇಸ್ ಬಿಚ್ಚಿಕೊಂಡು ಕೂತ್ರೆ, ಮೇಲೆ ನಾನು ಪಾಪನಿವೇದನೆ ಕೇಳೋ ಹೊತ್ತಿಗೇ ಹಾಡು ಶುರು ಮಾಡೋನು. ಬಿಸಿಗಾಳಿ ಬರೋ ನೆಲದ ಜಾಲರಿಯಿಂದ ದನಿ ಬರೋದು. ಅರ್ಧ ಜನ ಯಾವ ಪಾಪ ಹೇಳೋಕೆ ಬಂದ್ವಿ ಅನ್ನೋದನ್ನೇ ಮರೆತುಬಿಡೋರು."

ಜನ ನಕ್ಕರು. ಡೋರೀನಳಿಗೂ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಎಲ್ಲರೂ ಕೇಳಿದ್ದಾರೆ, ಎಲ್ಲರಿಗೂ ನೆನಪಿದೆ, ನನಗೊಬ್ಬಳಿಗೇ ಇಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

"ಅದು ಕೆಟ್ಟ ರೆಕಾರ್ಡು."

ಎಲ್ಲರೂ ತಿರುಗಿದರು. ಕೋಟು ನೇತುಹಾಕುವ ಗೂಟಗಳ ಹತ್ತಿರ ವೆಂಡೆಲ್ ನಿಂತಿದ್ದ. ಲೇಕ್‌ಫ್ರಂಟ್ಸ್‌ನಲ್ಲಿ ಡ್ರಮ್ಮು ಬಾರಿಸುತ್ತಿದ್ದವನು, ಲೆನ್ನಿಯ ಬಾಲ್ಯದ ಗೆಳೆಯ. ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ಒಬ್ಬ.

*

ಡೋರೀನ್ ಲೆನ್ನಿಯ ಮುಖ ನೋಡುವ ಮೊದಲೇ ಅವನ ದನಿ ಕೇಳಿದ್ದಳು. ರೆಕಾರ್ಡು ಬಂದ ಮರುವರ್ಷದ ಜನವರಿ. ಅವಳಮ್ಮನ ಮನೆಯ ಫರ್ನೇಸ್ ಕೆಟ್ಟು, ಅವಳು ಅಡುಗೆಮನೆಯಲ್ಲಿ ಎರಡು ಸ್ವೆಟರ್ ಹಾಕಿಕೊಂಡು ನಡುಗುತ್ತ ಕೂತಿದ್ದಳು. ಸಿಂಕಿನ ಬದಿಯ ನೆಲದ ಜಾಲರಿಯಿಂದ ಇದ್ದಕ್ಕಿದ್ದಂತೆ ಹಾಡು ಮೇಲೆ ಬಂತು. ಅಗಲವಾದ, ಸ್ವಲ್ಪ ಒರಟಾದ, ಅವಸರವಿಲ್ಲದ ದನಿ. ಅದರ ಹಿಂದೆಯೇ ಬಿಸಿಗಾಳಿ ಬಂತು. ಅವಳು ಚಪ್ಪಲಿ ಬಿಟ್ಟು ಜಾಲರಿಯ ಮೇಲೆ ಪಾದವಿಟ್ಟು ಕೂತಳು. ಕೈತುಂಬ ಮಸಿ ಮೆತ್ತಿಕೊಂಡು ಅವನು ಮೇಲೆ ಬಂದಾಗ ಅವಳು ಕೇಳಿದ ಮೊದಲ ಮಾತು, "ಮುಗೀತಾ? ಇನ್ನೊಂದು ಸ್ವಲ್ಪ ರಿಪೇರಿ ಮಾಡಿ."

ಮದುವೆ ಗೊತ್ತಾದ ಮೇಲೆ ಒಂದು ಭಾನುವಾರ ಅವನು ಹೊಸ ಅಂಗಿ ತೊಟ್ಟು, ರೆಕಾರ್ಡನ್ನು ಎದೆಗೆ ಒತ್ತಿಕೊಂಡು ಬಂದ. ಹಾಕಿ ಕೇಳಿಸಿದ. ಅರ್ಧ ಹಾಡಿಗೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯಾರಿದು? ಅಳಿಲಾ?"

ಲೆನ್ನಿಯೂ ನಕ್ಕ. "ಹೂಂ, ಅಳಿಲೇ" ಎಂದ. ರೆಕಾರ್ಡು ತೆಗೆದು, ಒರೆಸಿ, ಕವರಿನೊಳಗಿಟ್ಟ. ಅವಳಿರುವಾಗ ಮತ್ತೆಂದೂ ಅದನ್ನು ಹಾಕಲಿಲ್ಲ. ಕಾರಣ ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಎಷ್ಟೋ ಜಗಳವಾಡಿ ಮರೆತಿದ್ದಳು. ಆ ಒಂದು ನಗು ಮಾತ್ರ ಅವಳಿಗೆ ಈಗಲೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

*

"ಇವತ್ತಾದ್ರೂ ಬಾಯಿ ಮುಚ್ಕೊಂಡಿರೋಕೆ ಆಗಲ್ವೇನೋ ನಿಂಗೆ?" ಡೋರೀನ್ ವೆಂಡೆಲನ ಎದುರಿಗೆ ಹೋಗಿ ನಿಂತಳು. "ಇಪ್ಪತ್ಮೂರು ವರ್ಷದಿಂದ ಕೇಳ್ತಿದೀನಿ. ಯಾರಾದ್ರೂ ಆ ರೆಕಾರ್ಡಿನ ಮಾತೆತ್ತಿದ್ರೆ ಸಾಕು, ಕೆಟ್ಟದ್ದು, ಕೆಟ್ಟದ್ದು. ಅವನೆದುರಿಗೂ ಅಂದಿದ್ದೀಯ. ಅವನ ಮುಖ ಯಾವತ್ತಾದ್ರೂ ನೋಡಿದ್ಯಾ?"

"ನೋಡಿದೀನಿ. ಅವನು ನಗ್ತಿದ್ದ."

"ಅವನು ಎಲ್ಲದಕ್ಕೂ ನಗ್ತಿದ್ದ!"

ವೆಂಡೆಲ್ ಟೈ ಸಡಿಲಿಸಿಕೊಂಡ. ದೊಡ್ಡ ದೇಹದ ಮನುಷ್ಯ, ಎಲ್ಲಿ ನಿಲ್ಲಬೇಕೆಂದು ತಿಳಿಯದವನ ಹಾಗೆ ಕಾಣುತ್ತಿದ್ದ.

"ಹೇಳಿಬಿಡ್ತೀನಿ ಡೋರೀನ್. ಹೇಳ್ಬೇಡ ಅಂತ ನನ್ನಿಂದ ಆಣೆ ಹಾಕಿಸ್ಕೊಂಡಿದ್ದ. ಇನ್ನು ಯಾರಿಗೆ ಆಣೆ? ಹಾಡು ರೆಕಾರ್ಡ್ ಮಾಡಿದ ವಾರ ನಾನು ಕಾರ್ಖಾನೇಲಿ ಎರಡೆರಡು ಪಾಳಿ ಮಾಡ್ತಿದ್ದೆ. ನಿದ್ದೆ ಇಲ್ಲ. ಕೈ ಭಾರ. ಹಾಡು ಮುಂದೆ ಹೋದ್ರೆ ನಾನು ಹಿಂದೆ. ಎಲ್ಲಾ ಹಾಡೂ ಎತ್ತಿನಗಾಡಿ ಹಾಗೆ ಎಳೀತಿತ್ತು. ಸ್ಟುಡಿಯೋದವನು ಹೇಳ್ದ, ಇವನನ್ನ ತೆಗೀರಿ, ನಾಳೆ ಕ್ಲೀವ್‌ಲ್ಯಾಂಡಿಂದ ಒಬ್ಬನ್ನ ಕರೆಸ್ತೀನಿ, ಇವನ ಹೆಸರೂ ಬೇಡ ಫೋಟೋನೂ ಬೇಡ ಅಂತ. ನನ್ನೆದುರಿಗೇ ಹೇಳ್ದ."

ಕರ್ಟಿಸ್ ಹತ್ತಿರ ಬಂದಿದ್ದ.

"ಲೆನ್ನಿ ಏನಂದ ಗೊತ್ತಾ? ವೆಂಡೆಲ್ ಇರ್ತಾನೆ, ಟೇಪನ್ನ ಸ್ವಲ್ಪ ಜೋರಾಗಿ ಓಡಿಸಿ, ಸರಿಹೋಗುತ್ತೆ ಅಂದ. ಹಾಗೆ ಓಡಿಸಿದ್ರೆ ದನಿಯೂ ಮೇಲೇರುತ್ತೆ, ನಿನ್ನ ದನಿ ನಿಂದಾಗಿರಲ್ಲ ಕಣೋ ಅಂತ ಸ್ಟುಡಿಯೋದವನು ಎರಡೆರಡು ಸಲ ಹೇಳ್ದ. ಇವನು, ಪರವಾಗಿಲ್ಲ, ನಂಗೆ ದನಿ ಮನೇಲೂ ಇದೆ ಅಂದ." ವೆಂಡೆಲ್ ತನ್ನ ಎರಡೂ ಕೈಗಳನ್ನು ನೋಡಿಕೊಂಡ. "ಅರ್ಧ ಸ್ವರ. ಇಡೀ ರೆಕಾರ್ಡು ಅರ್ಧ ಸ್ವರ ಮೇಲಿದೆ. ನನ್ನಿಂದ. ಅದನ್ನ ಚೆನ್ನಾಗಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಬರ್ನಿಸ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

ಕರ್ಟಿಸ್ ಮೆಲ್ಲಗೆ, "ಅಂದ್ರೆ ನಾನು ಇಷ್ಟು ವರ್ಷ ಪ್ರೀತಿಸಿದ್ದು..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದ.

ಡೋರೀನಳಿಗೆ ಅವನ ದುಃಖ ಕೇಳುವ ವ್ಯವಧಾನವಿರಲಿಲ್ಲ. ಅವಳು ವೆಂಡೆಲನ ತೋಳು ಹಿಡಿದಿದ್ದಳು.

"ಜೋರಾಗಿ ಓಡಿಸಿದ್ದನ್ನ ನಿಧಾನ ಮಾಡೋಕೆ ಬರುತ್ತಾ?"

*

ಲೆನ್ನಿಯ ರೆಕಾರ್ಡ್ ಪ್ಲೇಯರು ಮನೆಯ ನೆಲಮಾಳಿಗೆಯಲ್ಲಿ, ಫರ್ನೇಸಿನ ಪಕ್ಕದ ಬೆಂಚಿನ ಮೇಲಿತ್ತು. ಅದರ ಸುತ್ತ ತಿರುಪುಮೊಳೆಯ ಡಬ್ಬಗಳು, ಮಸಿ ಬಟ್ಟೆ, ಕೊನೆಯ ತಿಂಗಳ ಒಂದು ಚೀಟಿ: ಫಿಲ್ಟರ್ ಬದಲಿಸು, ನಾನು ಮಾಡಲಾರೆ. ಡೋರೀನ್, ಮೆಲಿಂಡಾ, ವೆಂಡೆಲ್, ಕರ್ಟಿಸ್, ನಾಲ್ಕೇ ಜನ ಇಳಿದು ಬಂದಿದ್ದರು. ಕಿಟಕಿಯ ಹೊರಗೆ ಮಾರ್ಚಿನ ಕೊಳಕು ಹಿಮ, ಮೂರು ಗಂಟೆಯ ಮಬ್ಬು ಬಿಸಿಲು.

ವೆಂಡೆಲ್ ಕೋಟು ಬಿಚ್ಚಿ, ಅಂಗಿಯ ತೋಳು ಮಡಿಸಿ, ತೋರುಬೆರಳನ್ನು ಮುಂದೆ ತಂದ.

"ಅಯ್ಯೋ, ರೆಕಾರ್ಡ್ ಮೇಲೆ ಬೆರಳಿಡ್ತೀರಾ?" ಎಂದು ಕರ್ಟಿಸ್ ಕೂಗಿಕೊಂಡ.

"ರೆಕಾರ್ಡ್ ಮೇಲಲ್ಲ ಮಾರಾಯ. ಕೆಳಗಿನ ತಟ್ಟೆಯ ಅಂಚಿಗೆ. ಸ್ವಲ್ಪ ತಡೆದ್ರೆ ಸಾಕು."

ಸೂಜಿ ಇಳಿಯಿತು. ಬೆರಳು ತಾಗಿದೊಡನೆ ಹಾಡು ಕುಡುಕನಂತೆ ತೂರಾಡಿತು, ಪಾತಾಳಕ್ಕೆ ಬಿತ್ತು, ಮತ್ತೆ ಕೀರಲಾಯಿತು. ಡೋರೀನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. ಎರಡನೇ ಸಲವೂ ಹಾಗೇ ಆಯಿತು.

"ನೀನು ಹಾಗೆ ನೋಡ್ತಾ ನಿಂತ್ರೆ ನನ್ನ ಕೈ ನಡುಗುತ್ತೆ" ಎಂದ ವೆಂಡೆಲ್. ಅವನ ಹಣೆಯ ಮೇಲೆ ಬೆವರಿತ್ತು. "ಒಂದ್ಸಲ ಕೆಡಿಸಿದೀನಿ. ಮತ್ತೆ ಕೆಡಿಸಲ್ಲ. ನೀನು ಮೇಲೆ ಹೋಗು ಡೋರೀನ್."

ಅವಳು ಮೆಟ್ಟಿಲು ಹತ್ತಿದಳು, ಮೆಲಿಂಡಾ ಹಿಂದೆಯೇ ಬಂದಳು. ಅಡುಗೆಮನೆಯಲ್ಲಿ ಯಾರೋ ತಂದಿಟ್ಟ ಪಿರೋಗಿ ಕಡುಬಿನ ಪಾತ್ರೆಗಳು ಸಾಲಾಗಿ ಕೂತಿದ್ದವು. ಕುರ್ಚಿಯನ್ನು ಸಿಂಕಿನ ಬದಿಯ ಜಾಲರಿಗೆ ಎಳೆದು, ಕಪ್ಪು ಬೂಟು ಬಿಚ್ಚಿ, ಕಬ್ಬಿಣದ ಮೇಲೆ ಪಾದವಿಟ್ಟು ಕೂತಳು. ಪ್ರತಿ ಚಳಿಗಾಲದ ಬೆಳಗೂ ಹೀಗೆಯೇ ಕೂರುತ್ತಿದ್ದಳು. ದನಿ ಇದ್ದಷ್ಟು ಕಾಲ ಕೆಳಗೆ ಅವನು ಏನಾದರೊಂದು ಗುನುಗುತ್ತಿದ್ದ. ಈಗ ಕೆಳಗಿನಿಂದ ಬರುತ್ತಿದ್ದದ್ದು ಫರ್ನೇಸಿನ ಹೋ ಎನ್ನುವ ಸದ್ದು, ಬಿಸಿಗಾಳಿ. ಅದರ ಅಡಿಯಲ್ಲಿ ಎಲ್ಲೋ ಗಿಟಾರು. ಬೇರೇನೂ ಕೇಳಿಸುತ್ತಿರಲಿಲ್ಲ.

"ಮೆಲಿಂಡಾ, ಆ ಬಿಸಿ ಆರಿಸೇ."

"ಹೊರಗೆ ಹಿಮ ಇದೆಯಮ್ಮ. ಮನೆ ಐದು ನಿಮಿಷಕ್ಕೆ ಕೊರೆಯುತ್ತೆ."

"ಆರಿಸು."

ಮೆಲಿಂಡಾ ಗೋಡೆಯ ಗುಂಡಿಯನ್ನು ಕೊನೆಯವರೆಗೂ ಹಿಂದಕ್ಕೆ ತಿರುಗಿಸಿದಳು. ಒಬ್ಬ ಫರ್ನೇಸ್ ರಿಪೇರಿಯವನ ಮನೆಯಲ್ಲಿ ಮಾರ್ಚ್ ತಿಂಗಳಲ್ಲಿ ಫರ್ನೇಸ್ ನಿಂತಿತು. ಕೊಳವೆಗಳು ಒಂದೆರಡು ಸಲ ಟಕ್ ಟಕ್ ಎಂದು ಸುಮ್ಮನಾದವು.

ಕೆಳಗೆ ಮೂರನೇ ಸಲ ಸೂಜಿ ಇಳಿಯಿತು. ಹಾಡು ತೂರಾಡಿತು, ತಡವರಿಸಿತು, ಆಮೇಲೆ ನೆಲ ಸಿಕ್ಕ ಹಾಗೆ ನಿಂತಿತು. ಡ್ರಮ್ಮು ಭಾರವಾಗಿ, ಒಂದು ಕೂದಲೆಳೆಯಷ್ಟು ಹಿಂದೆ ಬಿದ್ದು ನಡೆಯುತ್ತಿತ್ತು. ಅದರ ಮೇಲೆ ಅಗಲವಾದ, ಸ್ವಲ್ಪ ಒರಟಾದ, ಅವಸರವಿಲ್ಲದ ದನಿ ಜಾಲರಿಯಿಂದ ಮೇಲೆ ಬಂತು. ಐದೂವರೆಗೆ ಬಾ. ಗೇಟಿನ ಹತ್ತಿರ ಬಾ. ನಾನು ಮಸಿ ತೊಳೆದುಕೊಂಡು ಬರ್ತೀನಿ.

"ಅಪ್ಪ" ಎಂದಳು ಮೆಲಿಂಡಾ.

ಡೋರೀನಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಒರೆಸಿಕೊಂಡರೆ ಎಲ್ಲಿ ಒಂದು ಮಾತು ತಪ್ಪಿಹೋಗುತ್ತದೋ ಎಂದು ಒರೆಸಿಕೊಳ್ಳಲಿಲ್ಲ. ಮಗಳೂ ಬೂಟು ಕಳಚಿ, ನೆಲದ ಮೇಲೆ ಕೂತು, ಅಮ್ಮನ ಪಾದದ ಪಕ್ಕದಲ್ಲಿ ತನ್ನ ಪಾದ ಇಟ್ಟಳು.

ಹಾಡು ಮುಗಿಯಿತು. ವೆಂಡೆಲ್ ಬೆರಳು ತೆಗೆಯಲಿಲ್ಲ. ಎರಡನೆಯದೂ ಸರಿಯಾದ ದನಿಯಲ್ಲೇ ಶುರುವಾಯಿತು, ಆಮೇಲೆ ಮೂರನೆಯದು. ಕಿಟಕಿಯ ಗಾಜು ಮಂಜಾಯಿತು, ಮೆಲ್ಲಗೆ ಚಳಿ ಏರತೊಡಗಿತು. ಪಾದದ ಕೆಳಗೆ ಕಬ್ಬಿಣ ತಣ್ಣಗಾಗುತ್ತ ಬಂತು. ಡೋರೀನ್ ಕಾಲು ತೆಗೆಯಲಿಲ್ಲ.