ಹಿಲ್ಲೆಯ ಗುಡಿಸಲಿನ ಚಿತ್ರ

ಡ್ರೆಂಟೆ ಸೀಮೆಯ ಜವುಗು ಬಯಲಿನಲ್ಲಿ, ಒಣಗಿದರೆ ಸೌದೆಯಂತೆ ಉರಿಯುವ ಮಣ್ಣಿನ ಹೆಂಟೆ ಕಡಿದು ಒಣಗಿಸಿ, ಪಟ್ಟಣದವರ ಒಲೆಗೆಂದು ದೋಣಿಗೆ ತುಂಬುವುದು ಹಿಲ್ಲೆಯ ಕಸುಬು. ಅವಳೂ ಗಂಡ ಬೆರೆಂಡನೂ ವಾಸವಿದ್ದದ್ದು ಅಂಥವೇ ಹೆಂಟೆಗಳನ್ನು ಪೇರಿಸಿ ಕಟ್ಟಿದ ಗುಡಿಸಲಲ್ಲಿ. ಆ ವರ್ಷ ಎಲೆ ಉದುರುವ ಕಾಲಕ್ಕೆ ಹೇಗ್ ಪಟ್ಟಣದ ಚಿತ್ರಕಾರ ಟೆರ್ವಿಂಟ್ ಬಂದವನು, ಗುಡಿಸಲಿನೆದುರು ಕಾಲುವೆಯ ತಗ್ಗಿನಲ್ಲಿ ಚಿತ್ರ ಬರೆಯುತ್ತ ಕೂತುಬಿಟ್ಟ.

"ಏನ್ ಸ್ವಾಮಿ, ನಮ್ ಹರಕಲು ಲಂಗ ತೋರ್ಸಿ ಊರೋರ್ನೆಲ್ಲ ನಗಿಸ್ಬೇಕಾ?" ಎಂದು ಹಿಲ್ಲೆ ರೇಗಿದಳು.

"ನಗೋ ಹಾಗಿದ್ರೆ ಚಿತ್ರಾನ ನೀನೇ ಹರಿದು ಒಲೆಗೆ ಹಾಕವ್ವ," ಎಂದ ಅವನು, ಕುಂಚ ಕೆಳಗಿಡದೆ.

ಹೊರಡುವ ಮುನ್ನ ಒಂದು ಭಾನುವಾರ, ಮಧ್ಯಾಹ್ನದ ಪ್ರಾರ್ಥನೆ ಮುಗಿದ ಮೇಲೆ, ಟೆರ್ವಿಂಟ್ ಚಿತ್ರವನ್ನು ಹೆಂಡದಂಗಡಿಯ ಕಿಟಕಿಯ ಬಳಿ ನಿಲ್ಲಿಸಿದ. ಊರಿಗೆ ಊರೇ ನುಗ್ಗಿತು. ಹಿಲ್ಲೆ ಮಾತ್ರ ಮುಖ ಎತ್ತಲಾರದೆ ಬಾಗಿಲಲ್ಲೇ ನಿಂತಳು. ನಗು ಕೇಳೀತೆಂದು ಕಾದಳು, ಕೇಳಲಿಲ್ಲ. ಮುದುಕ ಊಬಿಂಗ್ ಚರ್ಚಿನಿಂದ ಬಂದಮೇಲೆ ಹಾಕಿಕೊಂಡಿದ್ದ ಟೊಪ್ಪಿಗೆಯನ್ನು, ಪ್ರಾರ್ಥನೆಯಲ್ಲಿ ತೆಗೆಯುವ ಹಾಗೆ, ಮತ್ತೆ ತೆಗೆದ. ಆಗ ಹಿಲ್ಲೆ ತಲೆ ಎತ್ತಿದಳು.

ಚಿತ್ರದ ತುಂಬ ಆಕಾಶ. ಮಳೆ ನಿಂತು ಮೋಡ ಬಿರಿಯುತ್ತಿರುವ ಹೊತ್ತು. ಆ ಬೆಳಕೆಲ್ಲ ಇಳಿದು ಬಂದು ನಿಂತದ್ದು ಅವಳ ಗುಡಿಸಲಿನ ಮೇಲೆ. ಬಾಗಿಲಲ್ಲಿ ತಳ್ಳುಗಾಡಿ ಹಿಡಿದ ಹೆಂಗಸು. ಅವಳು ಬಡವಿಯೇ, ಲಂಗ ಹರಿದದ್ದೇ. ಆದರೆ ಅಷ್ಟು ದೊಡ್ಡ ಆಕಾಶ ಅವಳಿಗಾಗಿಯೇ ಬಾಗಿದ ಹಾಗಿತ್ತು. ಇದುವರೆಗೆ ಅವಳು ಕಂಡ ಚಿತ್ರಗಳೆಂದರೆ ಧಣಿಗಳ ಮುಖ, ಧಣಿಗಳ ಕುದುರೆ.

ಅಷ್ಟರಲ್ಲಿ ಬಯಲಿನ ಒಡೆಯ ಹಿಡ್ಡಿಂಗ್ ಜನರನ್ನು ಸರಿಸಿಕೊಂಡು ಬಂದ. ಬಹಳ ಹೊತ್ತು ನೋಡಿದ.

"ಚೆನ್ನಾಗಿದೆ. ಆದ್ರೆ ನನ್ನ ಬಂಗಲೆ ಎಲ್ಲಿ? ಅದು ಆ ಬಯಲಲ್ಲಿ ಎಲ್ಲಿಂದ ನೋಡಿದ್ರೂ ಕಾಣತ್ತಲ್ಲ!"

"ಹುಡುಕ್ದೆ, ಧಣಿ," ಎಂದ ಟೆರ್ವಿಂಟ್ ಮೆತ್ತಗೆ. "ನಾನು ಕೂತಿದ್ದ ತಗ್ಗಿಗೆ ಈ ಗುಡಿಸ್ಲು ಅಡ್ಡ ಬಂತು."

ಯಾರೋ ಕೆಮ್ಮಿ ನಗು ನುಂಗಿದರು. ಹಿಡ್ಡಿಂಗ್ ಮತ್ತೊಮ್ಮೆ ಚಿತ್ರ ನೋಡಿ ಹೊರಟುಹೋದ.

ಹಿಲ್ಲೆಗೆ ನಂಬಿಕೆ ಬರಲಿಲ್ಲ. ಬೆರೆಂಡನ ತೋಳು ಹಿಡಿದು ಎಳೆದುಕೊಂಡೇ ಮನೆಗೆ ನಡೆದಳು. ಕಾಲುವೆಯ ತಗ್ಗಿಗಿಳಿದು, ಒದ್ದೆ ಹುಲ್ಲಿನ ಮೇಲೆ ಕುಕ್ಕರಿಸಿದಳು. ನಿಜ! ಆ ಮೂರಂತಸ್ತಿನ ಬಂಗಲೆ, ಅದರ ಹೊಗೆಗೂಡು ಸಮೇತ, ಅವಳ ಮೋಟು ಗುಡಿಸಲಿನ ಹಿಂದೆ ಎಲ್ಲೋ ಅಡಗಿತ್ತು.

"ಕೂತ್ಕೊ. ಕೂತು ನೋಡು," ಎಂದಳು ಗಂಡನಿಗೆ.

ಬೆರೆಂಡ್ ಕೂತ. ಕತ್ತು ಅತ್ತಿತ್ತ ಚಾಚಿ ಬಂಗಲೆಗಾಗಿ ಹುಡುಕಿದ.

"ಹದಿನೈದು ವರ್ಷದಿಂದ ಇಲ್ಲೇ ಇದೀವಲ್ಲೇ," ಎಂದ ಕೊನೆಗೆ.

"ನೆಲ ನೋಡ್ಕೊಂಡು ಬಗ್ಗೇ ಇದ್ವಲ್ಲ. ಹೀಗೆ ಕೂತು ತಲೆ ಎತ್ತಿದ್ದು ಯಾವಾಗ?"

ಮೋಡದ ಅಂಚು ಕೆಂಪಾಗಿ, ಬೆಳಕು ಬಯಲನ್ನೆಲ್ಲ ದಾಟಿ ಅವರತ್ತ ಬರುತ್ತಿತ್ತು. ಇಬ್ಬರೂ ಏಳಲಿಲ್ಲ.