ಮಾಸ್ತರರ ಕಂಪ್ಯೂಟರು ಹೊಡೆದ ಡೈಲಾಗು

ಹುಮನಾಬಾದಿನ ಬಸ್ ನಿಲ್ದಾಣದ ಎದುರಿಗೆ ಶಂಕರಲಿಂಗ ಮಾಸ್ತರರ ಟೈಪಿಂಗ್ ಅಂಗಡಿ. ಬೆಳಿಗ್ಗೆ ಅಲ್ಲಿನ ಕಂಪ್ಯೂಟರು ಚಾಲೂ ಆಯಿತೆಂದರೆ ಒಳಗಿಂದ ಖಳನಾಯಕನೊಬ್ಬ ಗರ್ಜಿಸುತ್ತಿದ್ದ: "ಬಂದೆ! ಈ ಊರಾಗ ನನ್ನ ಹೆಸರ ಕೇಳಿದವ ಯಾಂವ ಅದಾನ?" ಅರ್ಜಿ ಬರೆಸಲು ಬಂದವರು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಬೇಡದ ಫೈಲು ಅಳಿಸಿದರೆ, "ಹೆಣಾನೂ ಸಿಗಬಾರದು!" ಕಂಪ್ಯೂಟರು ಕೆಟ್ಟು ನಿಂತರೆ, "ಅವ್ವಾ, ಗುಂಡು ತಾಗೇದ, ನಾ ಇನ್ನ ಉಳಿಯಂಗಿಲ್ಲ..." ಟೈಪು ಮಾಡಿದ್ದನ್ನು ಸೇವ್ ಮಾಡದೆ ಮುಚ್ಚಲು ಹೋದರಂತೂ ಅಂಗಡಿಯೇ ನಡುಗುತ್ತಿತ್ತು: "ಏ ನಿಂದರು! ನಾ ಬದುಕಬೇಕೋ ಸಾಯಬೇಕೋ, ಒಂದು ಮಾತು ಹೇಳಿ ಹೋಗು!"

ಎಲ್ಲವೂ ಜ್ಞಾನೇಶ್ವರನದೇ ಕಂಠ. ಘಾಟಬೋರಾಳದ ಈ ಪೋರ ಪಿಯುಸಿಯಲ್ಲಿ ಡುಮ್ಕಿ ಹೊಡೆದಾಗ ಮನೆಯವರು ಎಮ್ಮೆ ಕಾಯಲು ಹಚ್ಚಿದ್ದರು. ಮಾಸ್ತರರು ಮಾತ್ರ ತಮ್ಮ ಖುರ್ಚಿ ಬಿಟ್ಟೆದ್ದು, "ಕೂಡು. ಕೆಟ್ರ ಕೆಡ್ಲಿ, ಕಲಿ," ಅಂದಿದ್ದರು. ಕಲಿತವನು ಮೊದಲು ಮಾಡಿದ್ದು ಈ ಕಿತಾಪತಿ: ಕಂಪ್ಯೂಟರಿನ ಒಂದೊಂದು ಸದ್ದಿನ ಜಾಗಕ್ಕೂ ತನ್ನ ಡೈಲಾಗು ತುಂಬಿದ್ದು. ಓಣಿಯೆಲ್ಲ ಬೈಯಿತು. ಮಾಸ್ತರರು ಮಾತ್ರ ಬೈಯಲಿಲ್ಲ.

ಎರಡು ಸಾವಿರದ ಎರಡರಲ್ಲಿ ಅವನ ತಲೆಗೆ ಹೊಸ ಹುಚ್ಚು ಹೊಕ್ಕಿತು: ವಿಂಡೋಸ್ ಎಕ್ಸ್‌ಪಿ. ಬಸವಕಲ್ಯಾಣದಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುವ ಜಲಾಲುದ್ದೀನನ ಅಂಗಡಿಯಲ್ಲಿ ಅದನ್ನು ನೋಡಿ ಬಂದವನಿಗೆ ಊಟ ಸೇರಲಿಲ್ಲ.

"ಮಾಸ್ತರ್ರೆ, ನಮ್ಮ ಹಳೆ ವಿಂಡೋಸ್ ತೊಂಬತ್ತೆಂಟು ದಿನಾ ಸತ್ತು ಸತ್ತು ಹುಟ್ತದ್ರಿ. ಇದು ಹಂಗಲ್ರಿ. ಎಂಟ್ರಿ ನೋಡ್ರಿ ಒಮ್ಮಿ, ಶಿಳ್ಳಿ ಹೊಡೀಬೇಕು!"

"ಇದ್ದದ್ದು ನಡದದಲ್ಲೋ ಜ್ಞಾನ್ಯಾ..." ಮಾಸ್ತರರು ಅಳುಕಿದರು. ಆದರೆ ಅವನಿಗೆ ಇಲ್ಲ ಅನ್ನುವುದು ಅವರಿಗೆ ಬರುತ್ತಿರಲಿಲ್ಲ.

ಹಳೆಯದೆಲ್ಲ ಅಳಿಸಿ ಹೊಸದು ಕೂತಿತು. ಹಸಿರು ಗುಡ್ಡ, ನೀಲಿ ಆಕಾಶ, ಮೆಲ್ಲಗಿನ ಸಂಗೀತ. ಇಂಥ ಶ್ರೀಮಂತರ ಮನೆಯಲ್ಲಿ ತನ್ನ ಒದರಾಟ ಶೋಭಿಸದೆಂದು ಜ್ಞಾನೇಶ್ವರ ಡೈಲಾಗು ತುಂಬುವ ಗೋಜಿಗೆ ಹೋಗಲಿಲ್ಲ.

ಅದೇ ವಾರ ಹಜಿರಾ ಬೀ ಎಂಬಾಕೆ ತನ್ನ ಮಗಳ ಹಾಸ್ಟೆಲಿನ ಅರ್ಜಿ ಬರೆಸಲು ಬಂದಳು. ಅವಳು ಹೇಳುತ್ತ ಹೋದಂತೆ ಮಾಸ್ತರರ ಬೆರಳು ಓಡಿದವು. ಟೈಪಿಂಗ್ ಕಲಿಸಿಯೇ ತಲೆ ಬೆಳ್ಳಗಾದ ಮನುಷ್ಯ, ಕೀಲಿಗಳ ಕಡೆ ನೋಡುವವರೇ ಅಲ್ಲ. ಕೊನೆಗೆ ಪರದೆಯ ಮೇಲೆ ಏನೋ ಕೇಳುವ ಡಬ್ಬಿ ಬಂತು, ಟಿಣ್ ಎಂದಿತು. ಮಾಸ್ತರರು ತಡವರಿಸಿ ಒಂದು ಕೀಲಿ ಒತ್ತಿದರು. ಅರ್ಜಿ ಮಾಯ. ಮತ್ತೆ ಟೈಪು ಮಾಡಿದರು, ಮತ್ತೆ ಟಿಣ್, ಮತ್ತೆ ಮಾಯ.

"ಮಾಸ್ತರ್ ಸಾಬ್, ನನ್ನ ಬಸ್ ಹೋಗ್ತದ್ರಿ," ಎಂದು ಹಜಿರಾ ಬೀ ಬೇರೆ ಅಂಗಡಿಗೆ ಹೊರಟೇಬಿಟ್ಟಳು.

"ಅಂಗಡಿ ಬಂದ್ ಮಾಡೋ ವ್ಯಾಳ್ಯಾ ಬಂತು ಕಾಣಸ್ತದ," ಅಂದರು ಮಾಸ್ತರರು.

ಹೊಸದರ ಮೇಲೆ ಮುನಿಸಿಕೊಂಡಿದ್ದಾರೆ, ನಗಿಸಿದರೆ ಸರಿಹೋಗುತ್ತಾರೆ ಎಂದುಕೊಂಡ ಜ್ಞಾನೇಶ್ವರ. ಮರುದಿನ ಹಸಿರು ಗುಡ್ಡ ತೆಗೆದು, ಪರದೆಯ ತುಂಬ ತನ್ನ ಮನೆಯ ಎಮ್ಮೆಯ ಫೋಟೋ ಹಾಕಿದ. ಎಮ್ಮೆಗೆ ಕಪ್ಪು ಗಾಗಲ್, ಬಾಯಲ್ಲಿ ಬೀಡಿ. ಮಾಸ್ತರರು ಬಂದು ಕೂತರು. ಇವನು ನಗು ತಡೆಯಲು ಅಂಗಿಯ ಕಾಲರು ಕಚ್ಚಿಕೊಂಡ.

"ಹ್ಯಾಂಗ ಅದ್ರಿ ಮಾಸ್ತರ್ರೆ?"

ಅವನ ಮನಸ್ಸು ನೋಯಬಾರದೆಂದು ಮಾಸ್ತರರು ಪರದೆಯ ಕಡೆ ಮುಖ ಮಾಡಿ ನಕ್ಕರು. "ಭಾಳ ಚೆಂದ ಅದಪಾ. ಆ ಹಸರು ಗುಡ್ಡ ನೋಡಿದ್ರ ಜೀವ ತಂಪಾಗ್ತದ."

ಎಮ್ಮೆ ಬೀಡಿ ಕಚ್ಚಿ ಅವರನ್ನೇ ನೋಡುತ್ತಿತ್ತು. ಜ್ಞಾನೇಶ್ವರ ಅವರ ಕಣ್ಣ ಮುಂದೆ ಕೈಯಾಡಿಸಿದ, ರೆಪ್ಪೆ ಬಡಿಯಲಿಲ್ಲ.

"ಮಾಸ್ತರ್ರೆ... ಯಾವಾಗಿಂದ್ರಿ?"

ಮಾಸ್ತರರು ಕೀಲಿಗಳ ಮೇಲಿಂದ ಕೈ ತೆಗೆದರು. ಆಮೇಲೆ, "ಹೋದ ವರ್ಷದಿಂದ. ಕಣ್ಣಿನ ನರ ಒಣಗ್ಯಾವಂತ, ಸೊಲ್ಲಾಪುರದ ಡಾಕ್ಟರ್ ಹೇಳ್ಯಾನ. ಮನ್ಯಾಗೂ ಹೇಳಿಲ್ಲ. ಟೈಪಿಂಗಿಗಿ ಕಣ್ಣ್ಯಾಕ, ಬೆರಳಿಗಿ ಗೊತ್ತದ. ಡಬ್ಬಿ ಬಂದ್ರ ನೀ ಒದರ್ತಿದ್ದಿ. ಬದುಕಬೇಕೋ ಸಾಯಬೇಕೋ ಅಂದಿ ಅಂದ್ರ, ಸೇವ್ ಮಾಡಬೇಕು. ಹೆಣ ಅಂದಿ ಅಂದ್ರ, ಅಳಿಸೇದ. ಈಗ ಎಲ್ಲಾದಕ್ಕೂ ಒಂದೇ ಟಿಣ್."

"ಅದಕ್ಕ ಬೈಲಿಲ್ಲೇನ್ರಿ ನನಗ?"

"ಬೈದಿದ್ರ ನೀ ತೆಗೀತಿದ್ದಿ."

ಜ್ಞಾನೇಶ್ವರ ಕಣ್ಣೊರೆಸಿಕೊಂಡು ಎದ್ದ. "ಥೇಟರ್ ಹೊಸಾದಾದ್ರೇನ್ರಿ? ಪಿಚ್ಚರ್ ಅದೇ ಓಡಸ್ತೀನಿ!"

ಎಕ್ಸ್‌ಪಿಯೊಳಗೇ ಪರದೆ ಓದಿ ಹೇಳುವ ಧ್ವನಿಯೊಂದಿತ್ತು. ಇಂಗ್ಲಿಷಿನಲ್ಲಿ ಮೂಗಿನಿಂದ ಗೊಣಗುತ್ತಿತ್ತು. "ಯಾರೋ ಜಡ್ಡಾಗಿ ಮಲಗ್ಯಾನ, ಎಬ್ಬಿಸಬ್ಯಾಡ," ಅಂದರು ಮಾಸ್ತರರು. ಹಳೆಯ ಡೈಲಾಗುಗಳೆಲ್ಲ ಅಳಿದುಹೋಗಿದ್ದವು. ಜ್ಞಾನೇಶ್ವರ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋಗಿ ಜಲಾಲುದ್ದೀನನ ಮೈಕು ಕೇಳಿದ.

"ಮತ್ತ ಯಾರ ಜೀವಾ ತಿನ್ನಾಕ ಹೊಂಟೀದಿ ಬೇಟಾ?"

"ಈ ಸಲ ಜೀವಾ ಉಳಸಾಕ, ಜಲಾಲ್ ಭಾಯ್."

ಅದನ್ನೂ ಡೈಲಾಗೆಂದೇ ತಿಳಿದು ಜಲಾಲುದ್ದೀನ ನಕ್ಕು ಮೈಕು ಕೊಟ್ಟ.

ಮಾಸ್ತರರ ಅಂಗಡಿಯಲ್ಲಿ ಕೂತು ಜ್ಞಾನೇಶ್ವರ ಹೀರೋ ಆದ, ಪೊಲೀಸ್ ಇನ್ಸ್‌ಪೆಕ್ಟರ್ ಆದ, ಅಳುವ ತಾಯಿಯೂ ಆದ. ಒಂದೊಂದು ಡಬ್ಬಿಗೆ ಒಂದೊಂದು ಕಂಠ. ಕಂಪ್ಯೂಟರು ಬಂದ್ ಆಗುವಾಗಿನದೊಂದು ಉಳಿದಾಗ ಮಾಸ್ತರರು ಕೈ ಚಾಚಿದರು. "ಅದು ನಾ ಹೇಳ್ತೀನಿ. ನೀ ಹೊರಗ ನಿಂದರು, ನನಗ ನಾಚಿಕಿ ಬರ್ತದ." ಅವನು ರೆಕಾರ್ಡ್ ಗುಂಡಿ ಒತ್ತಿ ಹೊರಗೆ ಹೋದ. ಬಂದ ಮೇಲೆ, ತಾನು ಕೇಳಿಸಿಕೊಳ್ಳದೆಯೇ, ಅದನ್ನು ಅದರ ಜಾಗಕ್ಕೆ ಸೇರಿಸಿದ.

ಅದೇ ಮಧ್ಯಾಹ್ನ ಹಜಿರಾ ಬೀ ಇನ್ನೊಂದು ಅರ್ಜಿಗೆ ಬಂದಳು, ಬೇರೆ ಅಂಗಡಿಯವನಿಗಿಂತ ಮಾಸ್ತರರ ಭಾಷೆಯೇ ಛಲೋ ಎಂದು. ಕೊನೆಗೆ ಡಬ್ಬಿ ಬಂತು.

"ಏ ನಿಂದರು!"

"ಯಾ ಅಲ್ಲಾ, ನಿಂತೀನ್ರಿ!" ಎಂದು ಅವಳು ಕೈಯೆತ್ತಿದಳು.

ಮಾಸ್ತರರು ನಗುತ್ತಲೇ ಸೇವ್ ಮಾಡಿದರು, ಪ್ರಿಂಟ್ ತೆಗೆದರು. "ನಿನಗಲ್ಲ ಬೀ, ಅದು ನನಗ. ನನಗ ಕಣ್ಣು ಕಾಣಂಗಿಲ್ಲ. ಈ ಪೋರ ಒದರ್ತಾನ, ನಾ ಮಾಡ್ತೀನಿ," ಎಂದು ಮೊದಲ ಸಲ ಮುಚ್ಚುಮರೆಯಿಲ್ಲದೆ ಹೇಳಿದರು. ಹಜಿರಾ ಬೀ ಜ್ಞಾನೇಶ್ವರನ ತಲೆ ಸವರಿ, ಇನ್ನೂ ಜೋರಾಗಿ ಒದರು ಅಂದಳು.

ಸಂಜೆ ಮಾಸ್ತರರು ಮನೆಗೆ ಹೋದ ಮೇಲೆ ಜ್ಞಾನೇಶ್ವರ ಕಂಪ್ಯೂಟರು ಬಂದ್ ಮಾಡಿದ. ಮೊದಲು ಕೆಮ್ಮು ಕೇಳಿತು. ಆಮೇಲೆ ಒಂದೂ ಸಿನಿಮಾ ನೋಡದ ಮಾಸ್ತರರ ಗರ್ಜನೆ: "ಏ ಜ್ಞಾನ್ಯಾ! ಈ ಶಂಕರಲಿಂಗ ಇವತ್ತಿನ ತನಾ ಯಾರಿಗೂ... ಯಾರಿಗೂ..." ಮುಂದಿನ ಡೈಲಾಗು ಮರೆತಿದ್ದರು. ಧ್ವನಿ ತಗ್ಗಿ ದಿನದ ಧ್ವನಿಯಾಯಿತು. "ಭಾಳ ಉಪಕಾರ ಆತಪಾ. ಜಲ್ದಿ ನಡಿ, ಬಸ್ ತಪ್ತದ."

ಜ್ಞಾನೇಶ್ವರ ಮಾಸ್ತರರ ಖುರ್ಚಿಯಲ್ಲಿ ಕೂತ. ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದ. ಮತ್ತೆ ಬಂದ್ ಮಾಡಿದ.

ಘಾಟಬೋರಾಳದ ಬಸ್ಸು ಅವತ್ತು ತಪ್ಪೇ ಹೋಯಿತು.