ಸಲೋಮಿಯ ಗಿಟಾರಿಗೆ ನಾನೇ ದನಿ

ನಾನು ಒಂದು ಆಂಪ್ಲಿಫೈಯರ್. ಗಿಟಾರಿನ ತಂತಿ ಮೆಲ್ಲಗೆ ಆಡಿದ್ದನ್ನು ದೊಡ್ಡದು ಮಾಡಿ ಊರಿಗೆ ಕೇಳಿಸುವುದು ನನ್ನ ಕೆಲಸ. ನಾನು ಕಾರ್ಖಾನೆಯಲ್ಲಿ ಹುಟ್ಟಿದವನಲ್ಲ. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದೊಂದು ಗಲ್ಲಿಯಲ್ಲಿ ಗೈಬುಸಾಬ ನದಾಫ ಎಂಬವರು ರೇಡಿಯೊ ರಿಪೇರಿ ಮಾಡುತ್ತಿದ್ದರು. ಮುಚ್ಚಿಹೋದ ಟೂರಿಂಗ್ ಟಾಕೀಸಿನ ಸೌಂಡ್ ಪೆಟ್ಟಿಗೆಯಿಂದ ಒಂದಿಷ್ಟು, ಸತ್ತ ಮೂರು ರೇಡಿಯೊಗಳಿಂದ ಒಂದಿಷ್ಟು ಸಾಮಾನು ಕಿತ್ತು, ಸಾಗವಾನಿ ಹಲಗೆಯೊಳಗೆ ಕೂರಿಸಿ, ಮುಂದೆ ತಗಡಿನ ಪಟ್ಟಿ ಹೊಡೆದು ಅವರು ನನಗೆ ಜೀವ ಕೊಟ್ಟರು. ಅದು ಸಾವಿರದ ಒಂಬೈನೂರ ಎಂಬತ್ತೊಂಬತ್ತನೆಯ ಇಸವಿ.

ನನ್ನನ್ನು ಮಾಡಿಸಿದವರು ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ದೇವಪುತ್ರ. ಅವರ ಮಗಳು ಸಲೋಮಿಗೆ ಆಗ ಎಂಟು ವರ್ಷ. ಚರ್ಚಿನ ಹಳೆಯ ಗಿಟಾರನ್ನು ಯಾರೂ ಕಲಿಸದೆಯೇ ಬಾರಿಸುತ್ತಿದ್ದಳು. ಒಮ್ಮೆ ಕೇಳಿದ ಹಾಡನ್ನು ಎರಡನೆಯ ಸಲ ಕೇಳಬೇಕಾಗಿರಲಿಲ್ಲ.

“ಸಾಬ್ರ, ಈಕೀ ಕೈಯಾಗ ದೇವರದಾನ,” ಎಂದರು ದೇವಪುತ್ರ, ನನ್ನನ್ನು ಎತ್ತಿಕೊಳ್ಳಲು ಬಂದ ದಿನ. “ಆದ್ರ ಹಿಂದಿನ ಸಾಲಿನ ಮಂದೀಗೆ ಕೇಳಂಗಿಲ್ಲ.”

“ಇನ್ನ ಸ್ಟೇಶನ್ನಿಗೂ ಕೇಳತೈತಿ ತಗೋರಿ,” ಎಂದು ಗೈಬುಸಾಬರು ನಕ್ಕರು. ಆಮೇಲೆ ಹುಡುಗಿಯ ತಲೆ ಸವರಿ, “ಕೂಸಿನ್ನ ಇದರ ಹತ್ತರಕ್ಕ ಕೂಡಸಬ್ಯಾಡ್ರಿ. ಕಿವಿ ಎಳೀವು,” ಎಂದರು.

ದೇವಪುತ್ರ ತಲೆಯಾಡಿಸಿದರು. ಆದರೆ ರೈಲ್ವೆ ಇನ್‌ಸ್ಟಿಟ್ಯೂಟಿನ ಸಭಾಂಗಣದಲ್ಲಿ ಮೊದಲ ಕಾರ್ಯಕ್ರಮವಾದಾಗ ಸಲೋಮಿಗೆ ತಕ್ಕ ಕುರ್ಚಿ ಸಿಗಲಿಲ್ಲ. ಕುರ್ಚಿಯಲ್ಲಿ ಕುಳಿತರೆ ಗಿಟಾರಿನ ಹಿಂದೆ ಅವಳೇ ಕಾಣುತ್ತಿರಲಿಲ್ಲ. ಅಪ್ಪ ಅವಳನ್ನು ಎತ್ತಿ ನನ್ನ ನೆತ್ತಿಯ ಮೇಲೆ ಕೂರಿಸಿದರು. ಎರಡು ಪುಟ್ಟ ಕಾಲು ನನ್ನ ಮುಖದ ಮುಂದೆ ತೂಗಾಡಿದವು. ಅವಳು ಬಾರಿಸಿದಳು. ನಾನು ಕೂಗಿದೆ. ಇಡೀ ಸಭೆ ಎದ್ದು ನಿಂತಿತು. ಎಂಟು ವರ್ಷದ ಮಗು ಆಂಪ್ಲಿಫೈಯರಿನ ಮೇಲೆ ಕೂತು ರಾಕ್ ಬಾರಿಸುವ ಫೋಟೊ ಮರುವಾರ ಪತ್ರಿಕೆಯಲ್ಲಿ ಬಂತು. ಅಲ್ಲಿಂದ ಮುಂದೆ ಎಲ್ಲಿಗೆ ಕರೆದರೂ ಜನರಿಗೆ ಅದೇ ದೃಶ್ಯ ಬೇಕಾಯಿತು.

ಧಾರವಾಡದ ಕಾಲೇಜು ಗ್ಯಾದರಿಂಗ್, ಬೆಳಗಾವಿ, ಗದಗ, ಪಣಜಿ, ಪುಣೆ. ನಾನು ಲಾರಿ, ಬಸ್ಸಿನ ಟಾಪು, ರೈಲಿನ ಬ್ರೇಕ್ ವ್ಯಾನು ಎಲ್ಲ ಕಂಡೆ. ಶಾಲೆಯಿಂದ ಬಂದ ಮೇಲೆ ನಾಲ್ಕು ತಾಸು ಅಭ್ಯಾಸ. ದೇವಪುತ್ರ ಕೆಟ್ಟ ಮನುಷ್ಯರಲ್ಲ. ಮಗಳಿಗೆ ತಾವೇ ಹಾಲು ಕಾಸಿ ಕೊಡುತ್ತಿದ್ದರು, ಬೆರಳಿನ ಬೊಕ್ಕೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಆದರೆ ವಾಲ್ಯೂಮಿನ ಗುಂಡಿ ಅವರ ಕೈಯಲ್ಲಿತ್ತು. ಏಳು ಇದ್ದದ್ದು ಎಂಟಾಯಿತು, ಎಂಟು ಇದ್ದದ್ದು ಒಂಬತ್ತಾಯಿತು.

ಹನ್ನೆರಡನೆಯ ವರ್ಷದಲ್ಲಿ ಒಂದು ಮಧ್ಯಾಹ್ನ ಸಲೋಮಿ ಬಾರಿಸುತ್ತಿದ್ದವಳು ಸಟ್ಟನೆ ನಿಲ್ಲಿಸಿದಳು.

“ಅಪ್ಪಾ, ಎಡಗಿವ್ಯಾಗ ಸೀಟಿ ಹೊಡದಂಗ ಆಗಾಕತ್ತೈತಿ.”

“ಇಂಜಿನ್ ಇರಬೇಕವ್ವಾ. ಶಂಟಿಂಗ್ ನಡದೈತಿ.”

ಅಂದು ಭಾನುವಾರ. ಮನೆಯ ಹಿಂದಿನ ರೈಲ್ವೆ ಯಾರ್ಡಿನಲ್ಲಿ ಯಾವ ಇಂಜಿನ್ನೂ ಇರಲಿಲ್ಲ. ನನ್ನ ಸ್ಪೀಕರು ಇದ್ದದ್ದು ನೆಲದ ಮೇಲೆ ಕೂತಿದ್ದ ಅವಳ ಎಡಗಿವಿಯಿಂದ ಎರಡು ಗೇಣು ದೂರದಲ್ಲಿ. ಆ ಸೀಟಿ ನನ್ನದೇ ದನಿ, ಒಳಗೆ ಹೋಗಿ ಹೊರಗೆ ಬರದೆ ಉಳಿದದ್ದು ಎಂದು ನನಗೆ ಗೊತ್ತಾಯಿತು. ಹೇಳುವುದು ಹೇಗೆ? ತಂತಿ ಹೇಳಿದ್ದನ್ನಲ್ಲದೆ ನಾನು ಒಂದಕ್ಷರವನ್ನೂ ಸ್ವಂತವಾಗಿ ಆಡಲಾರೆ. ಅವಳು ಕಿವಿಯಲ್ಲಿ ಬೆರಳಾಡಿಸಿಕೊಂಡು ಮತ್ತೆ ಬಾರಿಸತೊಡಗಿದಳು.

ದೊಡ್ಡವಳಾದ ಮೇಲೆ ಸಲೋಮಿ ಅಪ್ಪನ ಹಿಡಿತದಿಂದ ಹೊರಬಂದಳು. ಹತ್ತೊಂಬತ್ತಕ್ಕೆ ಸ್ವಂತ ತಂಡ ಕಟ್ಟಿದಳು, ಹೆಸರು ‘ಎರೆಮಣ್ಣು’. ಮದುವೆ ಬ್ಯಾಂಡಿನಲ್ಲಿ ಡೋಲು ಬಾರಿಸಿಕೊಂಡಿದ್ದ ವಿಠ್ಠಲ ಜಿತೂರಿ ಡ್ರಮ್ಸಿಗೆ ಬಂದ. ಕನ್ನಡದಲ್ಲಿ ರಾಕ್ ಹಾಡುವುದೆಂದರೆ ಜನ ನಗುತ್ತಿದ್ದ ಕಾಲ. ಎರಡು ವರ್ಷದಲ್ಲಿ ನಗುವುದು ನಿಂತಿತು. ಬೆಂಗಳೂರು, ಮುಂಬಯಿ, ಟೀವಿ. ಒಂದು ಆಲ್ಬಂ ಬಂತು. ಅವಳಿಗೆ ಕಂಪನಿಯವರು ವಿದೇಶದ ಆಂಪ್ಲಿಫೈಯರ್ ಕೊಡಲು ಬಂದರು. ಅವಳು ಬೇಡವೆಂದು ನನ್ನನ್ನೇ ಇಟ್ಟುಕೊಂಡಳು. ನಾನು ಹೆಮ್ಮೆಪಟ್ಟೆ. ಅಭಿಮಾನಕ್ಕಿಂತ ಬೇರೆ ಕಾರಣವಿತ್ತು ಎಂದು ಆಮೇಲೆ ತಿಳಿಯಿತು. ನನ್ನ ಮರದ ನಡುಕ ಅವಳ ಕಾಲಿಗೆ ಪರಿಚಿತವಾಗಿತ್ತು. ಕಿವಿ ಬಿಟ್ಟುಕೊಟ್ಟದ್ದನ್ನು ಅವಳು ಕಾಲಿನಿಂದ ತುಂಬಿಕೊಳ್ಳುತ್ತಿದ್ದಳು.

ಅದು ನನಗೊಬ್ಬನಿಗೇ ಗೊತ್ತಿದ್ದ ಗುಟ್ಟು. ಮೊದಲು ನನ್ನನ್ನು ಎಡದಿಂದ ಬಲಕ್ಕೆ ಇಡಿಸಿದಳು. ಆಮೇಲೆ ಹಾಡು ಶುರುವಾಗುವಾಗ ವಿಠ್ಠಲನ ಮುಖ ನೋಡುವುದನ್ನು ಬಿಟ್ಟು ಅವನ ಪಾದ ನೋಡತೊಡಗಿದಳು. ಯಾರಾದರೂ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಜನ ಸೊಕ್ಕು ಎಂದುಕೊಂಡರು. ಅವಳು ಹಾಗೆಯೇ ಅಂದುಕೊಳ್ಳಲು ಬಿಟ್ಟಳು.

“ಸಲೋಮಿ, ಎರಡನೇ ತಂತಿ ಇಳದೈತಿ,” ಎಂದ ವಿಠ್ಠಲ ಒಂದು ದಿನ ಅಭ್ಯಾಸದ ನಡುವೆ.

“ಗೊತ್ತೈತಿ. ಹಂಗಽ ಇರ್ಲಿ ಅಂತ ಬಿಟ್ಟೀನಿ.”

ವಿಠ್ಠಲ ಅವಳನ್ನೇ ನೋಡಿದ. ಅವಳು ಬಗ್ಗಿ ನನ್ನ ಗುಂಡಿಯನ್ನು ಹತ್ತಕ್ಕೆ ತಿರುಗಿಸಿದಳು.

ಎರಡನೆಯ ಆಲ್ಬಮಿನ ಮೊದಲ ಕಾರ್ಯಕ್ರಮ ಹುಬ್ಬಳ್ಳಿಯಲ್ಲೇ, ಒಂದು ಮೈದಾನದಲ್ಲಿ ನಡೆಯಿತು. ಆರು ಸಾವಿರ ಜನ. ಸಂಜೆ ಐದೂವರೆಗೆ ತುಂತುರು ಬಿದ್ದು ವೇದಿಕೆಯ ಹಲಗೆ ಒದ್ದೆಯಾಯಿತು. ಕರೆಂಟು ಜನರೇಟರಿನದು. ಯಾರೋ ಅವಸರದಲ್ಲಿ ಎಳೆದ ವೈರು, ಅರ್ಥಿಂಗ್ ಸರಿಯಿಲ್ಲ. ಸ್ವಿಚ್ಚು ಹಾಕಿದ ಕೂಡಲೇ ನನ್ನ ತಗಡಿನ ಮೈಯಲ್ಲಿ ಏನೋ ಓಡಾಡತೊಡಗಿತು. ನನ್ನ ಗಾಜಿನ ವಾಲ್ವುಗಳೊಳಗೆ ಇರಬೇಕಾದ ಕರೆಂಟು ಹೊರಗೆ ಬಂದಿತ್ತು. ನನ್ನ ಮೈಯಿಂದ ಕೇಬಲ್ಲು ಗಿಟಾರಿಗೆ, ಗಿಟಾರಿನಿಂದ ತಂತಿಗೆ, ತಂತಿಯಿಂದ ಅವಳ ಬೆರಳಿಗೆ ದಾರಿ ತೆರೆದಿತ್ತು. ರಬ್ಬರಿನ ಬೂಟು ಹಾಕಿದ್ದರಿಂದ ಅವಳು ನಿಂತಿದ್ದಳು. ಆದರೆ ಎದುರಿಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮೈಕಿತ್ತು. ಪಲ್ಲವಿ ಹಾಡಲು ಬಂದು ಅವಳು ತುಟಿ ತಗುಲಿಸಿದರೆ ಮುಗಿಯಿತು.

ಹಾಡು ಶುರುವಾಯಿತು. ಮೊದಲು ಗಿಟಾರು ಮಾತ್ರ. ಅದಾದ ಮೇಲೆ ಎಂಟು ಸುತ್ತು ಡ್ರಮ್ಸು, ಆಮೇಲೆ ಪಲ್ಲವಿ.

ವಿಠ್ಠಲ ಬರಿಗಾಲಿನವನು, ಅವನ ಡ್ರಮ್ಸಿನ ಪಕ್ಕದಲ್ಲೇ ವೇದಿಕೆಯ ಅಂಚಿಗೆ ನನ್ನನ್ನು ಇಟ್ಟಿದ್ದರು. ಮೂರನೆಯ ಸುತ್ತಿನಲ್ಲಿ ಅವನ ಮೊಣಕೈ ನನ್ನ ತಗಡಿಗೆ ತಾಗಿತು. ಅವನು ಹಾವು ಕಡಿದವನಂತೆ ಹಾರಿ ಹಿಂದಕ್ಕೆ ಬಿದ್ದ. ಎದ್ದವನೇ ಕೂಗಿದ.

“ಸಲೋಮಿ! ಮೈಕ್ ಮುಟ್ಟಬ್ಯಾಡ!”

ಅವಳು ಬಾರಿಸುತ್ತಲೇ ಇದ್ದಳು.

“ಮೈಕ್ ಮುಟ್ಟಬ್ಯಾಡ! ಕರೆಂಟ್ ಐತಿ!”

ಮುಂದಿನ ಸಾಲಿನ ಜನಕ್ಕೆ ಕೇಳಿಸಿತು. ಅವರೂ ಕೈಬೀಸಿ ಕೂಗಿದರು. ಅವಳು ಅದನ್ನು ಖುಷಿಯೆಂದು ತಿಳಿದು ಅವರತ್ತ ನಕ್ಕು ಮೈಕಿನ ಕಡೆ ಒಂದು ಹೆಜ್ಜೆ ಇಟ್ಟಳು. ವಿಠ್ಠಲ ಡ್ರಮ್ಸಿನ ಕೋಲನ್ನು ಅವಳ ಬೆನ್ನಿಗೆ ಎಸೆದ. ಗುರಿ ತಪ್ಪಿತು. ಅವಳ ಎರಡನೆಯ ಹೆಜ್ಜೆ ಬಿತ್ತು. ನನ್ನೊಳಗಿಂದ ಅವಳದೇ ಸ್ವರ ಆಕಾಶಕ್ಕೆ ಏರುತ್ತಿತ್ತು. ವಿಠ್ಠಲನ ಕೂಗನ್ನು ನುಂಗಿಹಾಕುತ್ತಿದ್ದವನು ನಾನೇ. ನಿಲ್ಲಬೇಕೆಂದುಕೊಂಡೆ. ನಿಲ್ಲುವುದು ನನ್ನ ಕೈಯಲ್ಲಿರಲಿಲ್ಲ.

ಆಗ ವಿಠ್ಠಲ ಡ್ರಮ್ಸ್ ದಾಟಿ ಜಿಗಿದು, ನನ್ನ ಮರದ ಬೆನ್ನಿಗೆ ಒದ್ದ. ವೈರು ಕಿತ್ತು ಬಂತು. ನಾನು ವೇದಿಕೆಯ ಮೇಲಿಂದ ಮುಖ ಕೆಳಗಾಗಿ ಬಿದ್ದೆ. ನೆಲಕ್ಕೆ ಹೊಡೆದಿದ್ದ ಒಂದು ಗೂಟ ನನ್ನ ಸ್ಪೀಕರಿನೊಳಗೆ ತೂರಿತು.

ಮೈದಾನ ಸ್ತಬ್ಧವಾಯಿತು. ಗಿಟಾರಿನ ದನಿ ಇಲ್ಲ, ಡ್ರಮ್ಸ್ ಇಲ್ಲ. ಆದರೆ ಸಲೋಮಿ ಕಣ್ಣುಮುಚ್ಚಿ ಬಾರಿಸುತ್ತಲೇ ಇದ್ದಳು. ಬೆರಳು ತಂತಿಯ ಮೇಲೆ ಓಡುತ್ತಿತ್ತು. ಕಿವಿಯೊಳಗಿನ ಸೀಟಿ ಎಷ್ಟು ಜೋರಾಗಿತ್ತೆಂದರೆ ಹಾಡು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ಒಂದು ಸುತ್ತು, ಎರಡು ಸುತ್ತು. ಆರು ಸಾವಿರ ಜನ ನೋಡುತ್ತಿದ್ದರು. ಕೊನೆಗೆ ಕಾಲಿಗೆ ನಡುಕ ಸಿಗದೆ ಕಣ್ಣು ತೆರೆದಳು. ಜನರ ಮುಖ ನೋಡಿದಳು. ತಿರುಗಿ, ನಾನಿದ್ದ ಖಾಲಿ ಜಾಗ ನೋಡಿದಳು. ವಿಠ್ಠಲ ಓಡಿಬಂದು ಗಿಟಾರನ್ನು ಅವಳ ಕೊರಳಿಂದ ತೆಗೆದ.

“ಯಾವಾಗಿಂದ?” ಎಂದು ಅವಳ ಮುಖದ ಎದುರಿಗೆ ನಿಂತು ಕೇಳಿದ.

ಅವಳು ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು.

ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಅರ್ಧ ಉಳಿದಿದೆ ಎಂದರು ಡಾಕ್ಟರು. ಜೋರು ಸದ್ದಿನಲ್ಲಿ ಇನ್ನೊಂದು ವರ್ಷ ಬಾರಿಸಿದರೆ ಅದೂ ಇಲ್ಲ.

ನನ್ನನ್ನು ಗೈಬುಸಾಬರ ಅಂಗಡಿಗೆ ತಂದರು. ಅವರಿಗೆ ಆಗ ಎಪ್ಪತ್ತು ದಾಟಿತ್ತು. ಹರಿದ ಸ್ಪೀಕರಿನ ಕಾಗದವನ್ನು ಬೆರಳಲ್ಲಿ ಸವರಿದರು. ದೇವಪುತ್ರ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತಿದ್ದರು. ಎದ್ದು, ಮಗಳ ಬಲಗಡೆಗೆ ಬಂದು ನಿಂತರು.

“ನಾನಽ ನಿನ್ನ ಎತ್ತಿ ಇದರ ಮ್ಯಾಲ ಕೂಡಿಸಿದ್ನೆವ್ವಾ. ಸಾಬ್ರು ಬ್ಯಾಡ ಅಂದಿದ್ರು.”

“ನಾ ಹದಿನೆಂಟಕ್ಕ ಮನೀ ಬಿಟ್ಟೆ ಅಪ್ಪಾ. ಆಮ್ಯಾಲಿನ ಗುಂಡಿ ತಿರುವಿದಾಕಿ ನಾನಽ,” ಎಂದಳು ಸಲೋಮಿ. ಅಪ್ಪನ ಮೇಲೆ ಸಿಟ್ಟಿಲ್ಲ ಎಂದು ಅವಳು ಹೇಳಲಿಲ್ಲ. ಅದು ಸುಳ್ಳಾಗುತ್ತಿತ್ತು. ಆದರೆ ಅವರ ಕೈ ಬಿಡಲಿಲ್ಲ.

“ಬೇಟಿ, ಮೊದಲಿನಂಗ ಮಾಡ್ಲ್ಯಾ?” ಎಂದು ಕೇಳಿದರು ಗೈಬುಸಾಬರು.

“ಬ್ಯಾಡ ಅಜ್ಜಾ. ಸಣ್ಣ ಸ್ಪೀಕರ್ ಹಾಕ್ರಿ. ಒಂದ ಕೋಣೀಗೆ ಸಾಕಾಗುವಷ್ಟು.”

ಹಾಗೆ ನನ್ನ ದೊಡ್ಡ ದನಿ ಹೋಯಿತು.

ಎರಡು ವರ್ಷದ ನಂತರ ಬೆಂಗಳೂರಿನಿಂದ ಒಬ್ಬ ಆಯೋಜಕರು ಬಂದರು. ‘ಎರೆಮಣ್ಣು’ ಮತ್ತೆ ಒಂದೇ ಒಂದು ಸಲ ವೇದಿಕೆಗೆ ಬರಬೇಕು ಎಂದರು. ಸಲೋಮಿ ಅವರ ತುಟಿ ನೋಡುತ್ತ ಕುಳಿತಿದ್ದಳು.

“ಹತ್ತು ಸಾವಿರ ಜನ ಬರ್ತಾರೆ ಮೇಡಂ.”

“ಹತ್ತು ಸಾವಿರ ಮಂದಿ ಕೇಳತಾರ. ನಾ ಕೇಳಂಗಿಲ್ಲ,” ಎಂದಳು. “ಎಂಟು ವರ್ಷದಾಕಿ ಇದ್ದಾಗಿಂದ ಮಂದೀಗೆ ಕೇಳಸೀನಿ. ಉಳದಿದ್ದು ನನಗ ಬೇಕ್ರಿ.”

ಅವರು ಹೋದ ಮೇಲೆ ಅವಳು ಕಿಟಕಿಯ ಬಳಿ ಬಹಳ ಹೊತ್ತು ನಿಂತಳು. ಹೋಗಬೇಕೆಂಬ ಆಸೆ ಅವಳ ಬೆರಳುಗಳಲ್ಲಿ ಕಾಣುತ್ತಿತ್ತು. ಕಿಟಕಿಯ ಸರಳಿನ ಮೇಲೆ ಅವು ತಾವಾಗಿಯೇ ಆಡುತ್ತಿದ್ದವು.

ಈಗ ನನಗೆ ವಯಸ್ಸಾಗಿದೆ. ಸಾಗವಾನಿಯ ಬಣ್ಣ ಹೋಗಿದೆ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿರುವ ಅವಳ ಮನೆಯ ಒಂದು ಕೋಣೆಯ ಮೂಲೆಯಲ್ಲಿ ನನ್ನ ವಾಸ. ಡಾಕ್ಟರು ಹೇಳಿದಂತೆ ದಿನಕ್ಕೆ ನಲವತ್ತು ನಿಮಿಷ. ಅವಳು ಹಾಡು ಕಟ್ಟುತ್ತಾಳೆ, ಬೇರೆಯವರು ಹಾಡುತ್ತಾರೆ. ಜೋರಾಗಿ ಕೂಗಿದ ವರ್ಷಗಳಲ್ಲಿ ನಾನು ಅವಳ ಗಿಟಾರನ್ನು ನಿಜವಾಗಿ ಕೇಳಿರಲಿಲ್ಲ ಎನಿಸುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಅವಳ ಬೆರಳು ತಂತಿಯ ಮೇಲೆ ಜಾರುವ ಸಣ್ಣ ಸಪ್ಪಳವಿದೆಯಲ್ಲ, ಅದನ್ನು ನಾನು ಇತ್ತೀಚೆಗೆ ಕಂಡುಕೊಂಡೆ. ಹುಡುಗಿಯಾಗಿದ್ದಾಗಲೂ ಅದು ಇದ್ದಿರಬೇಕು. ನನ್ನ ಗದ್ದಲದಲ್ಲಿ ಸತ್ತಿತ್ತು. ತಪ್ಪು ಮಾಡುವ ಶಕ್ತಿ ವಸ್ತುವಿಗಿಲ್ಲ ಎನ್ನುತ್ತಾರೆ. ಇದ್ದರೂ ಇರದಿದ್ದರೂ ಆ ಎಡಗಿವಿ ನನ್ನ ಲೆಕ್ಕದಲ್ಲೇ ಇದೆ.

ಕಳೆದ ಸೋಮವಾರ ಬೆಳಿಗ್ಗೆ ವಿಠ್ಠಲ ಬಂದಿದ್ದ. ಅವನ ತಲೆಗೂದಲು ನರೆತಿದೆ. ಚಹಾ ಕುಡಿಯುತ್ತಿದ್ದಾಗ ಸಲೋಮಿ ಕಪ್ಪು ಕೆಳಗಿಟ್ಟಳು.

“ವಿಠ್ಠಲ, ಬಲಗಿವೀನೂ ಸಣ್ಣಗ ಆಗಾಕತ್ತೈತಿ.”

ಈ ಸಲ ಅವಳು ಮುಚ್ಚಿಡಲಿಲ್ಲ. ವಿಠ್ಠಲ ಕುರ್ಚಿಯನ್ನು ಅವಳಿಗೆ ಕಾಣುವಂತೆ ಎದುರಿಗೆ ಎಳೆದುಕೊಂಡ.

“ಕಟ್ಟೂ ಹಾಡು ಇನ್ನ ಎಷ್ಟ ಉಳದಾವು?”

“ನಾಕು.”

“ಹಂಗಾರ ಇವತ್ತಽ ಸುರು ಮಾಡೂಣು.”

ಅವಳು ಎದ್ದು ಬಂದು ನನ್ನ ಸ್ವಿಚ್ಚು ಹಾಕಿದಳು. ವಾಲ್ವಿನ ಆಂಪ್ಲಿಫೈಯರ್ ನಾನು, ಮೈ ಕಾಯಲು ಅರ್ಧ ನಿಮಿಷ ಬೇಕು. ಅವರಿಬ್ಬರೂ ಕಾದರು.